ಎರಡನೇ ಮಹಡಿಯ ಬೆಂಚು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 7.20

ಮಾತ್ರೆ ನುಂಗಿದ್ದಾಯಿತು. ತೂಕ ನೋಡಿದ್ದಾಯಿತು, ನಿನ್ನೆಯಷ್ಟೇ ಇದೆ. ಮೆಟ್ಟಿಲು ಹತ್ತಿದ್ದಾಯಿತು. ಹನ್ನೊಂದು ಮೆಟ್ಟಿಲು, ಏಳನೆಯದರಲ್ಲಿ ನಿಂತೆ. ಹೋದ ವಾರ ಎಂಟರವರೆಗೆ ಹೋಗುತ್ತಿದ್ದೆ. ಕೆಳಗೆ ಅಂಗಡಿಯಲ್ಲಿ ಇವರು ಹೊಲಿಗೆ ಮಿಷನ್ ನಿಲ್ಲಿಸಿ ಕಿವಿಗೊಟ್ಟು ಕೂತಿದ್ದು ಗೊತ್ತಾಯಿತು. ನಾನು ಮತ್ತೆ ಹೆಜ್ಜೆ ಎತ್ತಿದ ಮೇಲೆ ಮಿಷನ್ ಶುರುವಾಯಿತು. ಒಂದು ಮಾತಿಲ್ಲ. ಮೂವತ್ನಾಲ್ಕು ವರ್ಷದ ಸಂಸಾರದಲ್ಲಿ ಈ ಮನುಷ್ಯ ಆಡಬೇಕಾದ ಮಾತನ್ನೆಲ್ಲ ಆ ಮಿಷನ್ನೇ ಆಡಿದೆ.

ಪತ್ರಿಕೆ ಓದಿದೆ. ಅಗೆದ ಫುಟ್‌ಪಾತನ್ನು ಹದಿನೈದು ದಿನದಲ್ಲಿ ಮುಚ್ಚುತ್ತಾರಂತೆ. ಇದೇ ಎಂಜಿನಿಯರ್ ಇದೇ ಮಾತನ್ನು ಆರು ವರ್ಷದ ಹಿಂದೆಯೂ ಆಡಿದ್ದರು. ಆಗ ಅವರಿಗೆ ಮೀಸೆ ಇತ್ತು. ಕಟಿಂಗ್ ನನ್ನ ಹತ್ತಿರ ಇದೆ. ಸಂಪಾದಕರಿಗೆ ನಾಲ್ಕು ಸಾಲು ಬರೆದೆ.

ಸಂಜೆ

ಆಸ್ಪತ್ರೆಗೆ ಹೋಗಿ ಬಂದೆವು. ಸರ್ಜರಿ 21ಕ್ಕೆ, ಶುಕ್ರವಾರ. ಹೃದಯದ ಕವಾಟ ಬಿಗಿದು ಹೋಗಿದೆಯಂತೆ. ಸರ್ಜನ್ ಒಳ್ಳೆಯವರು, ಸುತ್ತಿ ಬಳಸಿ ಮಾತಾಡುವುದಿಲ್ಲ. "ಬಾಗಿಲು ತುಕ್ಕು ಹಿಡಿದಿದೆ ಅಂದ್ಕೊಳ್ಳಿ. ಎಣ್ಣೆ ಬಿಟ್ರೆ ಹೋಗಲ್ಲ, ಬಾಗಿಲೇ ಬದಲಿಸ್ಬೇಕು. ಎರಡು ತಿಂಗಳ ಮೇಲೆ ಕಾಯೋ ಹಾಗಿಲ್ಲ" ಎಂದರು.

ಆಮೇಲೆ ಕಿರಿಯ ಡಾಕ್ಟರ್ ಬಂದು ಒಂದೊಂದಾಗಿ ಕೇಳಿ ಬರೆದುಕೊಂಡ. ಮಗಳಿಗಿಂತ ಚಿಕ್ಕವನು.

"ಮೇಡಂ, ಉಸಿರು ಕಟ್ಟೋದು ಯಾವಾಗಿಂದ?"

ಇಂಥ ಪ್ರಶ್ನೆಗೆ ಜನ "ಸುಮಾರು ದಿನ ಆಯ್ತು" ಎನ್ನುತ್ತಾರೆ. ನಾನು ಹಾಗೆ ಹೇಳುವವಳಲ್ಲ. ಮೂವತ್ತೊಂದು ವರ್ಷ ಲೈಬ್ರರಿಯ ರೆಫರೆನ್ಸ್ ವಿಭಾಗದಲ್ಲಿ ಇದ್ದವಳು. ಅಲ್ಲಿ ನನ್ನ ಅಡ್ಡಹೆಸರೇ ಇಂಡೆಕ್ಸ್. "ಹತ್ತೊಂಬತ್ತು ವರ್ಷದ ಹಿಂದೆ ಲೈಬ್ರರಿಯ ಲಿಫ್ಟು ಎಂಟು ತಿಂಗಳು ಕೆಟ್ಟಿತ್ತು. ರೆಫರೆನ್ಸು ಮೂರನೇ ಮಹಡಿಯಲ್ಲಿ. ಎರಡನೆಯದರ ತಿರುವಿನಲ್ಲಿ ಒಂದು ಹಸಿರು ಕಬ್ಬಿಣದ ಬೆಂಚು. ಅಲ್ಲಿ ಕೂತು ಗೋಡೆಗೆ ಕೈ ಕೊಟ್ಟು ಏದುಸಿರು ಬಿಟ್ಟಿದ್ದು ಮೊದಲು" ಎಂದೆ. ಎಲ್ಲ ಕಣ್ಣಿಗೆ ಕಟ್ಟಿದ ಹಾಗೆ.

"ನಿಮ್ಮಷ್ಟು ಕರೆಕ್ಟಾಗಿ ಹೇಳೋ ಪೇಷಂಟೇ ಸಿಗಲ್ಲ ಮೇಡಂ" ಎಂದ. ಟಕಟಕ ಟೈಪ್ ಮಾಡಿಕೊಂಡ. ಖುಷಿಯಾಯಿತು. ಸುಳ್ಳೇಕೆ ಹೇಳಲಿ.

ಮಾರ್ಚ್ 6, ಗುರುವಾರ

ಹಲ್ಲಿನ ಡಾಕ್ಟರ ಸರ್ಟಿಫಿಕೇಟ್ ಬೇಕಂತೆ. ಹೃದಯಕ್ಕೆ ಕೈ ಹಾಕುವ ಮೊದಲು ಹಲ್ಲು ನೋಡುತ್ತಾರೆ, ಅಲ್ಲಿಯ ಸೋಂಕು ಹೊಸ ಕವಾಟಕ್ಕೆ ಹತ್ತಬಾರದು ಎಂದು. ಒಂದು ದವಡೆ ಹಲ್ಲು ಕಿತ್ತರು. ಮಗಳು ಜೊತೆಗೆ ಬಂದಿದ್ದಳು. ಕೊರಿಯರ್ ಆಫೀಸಿನಲ್ಲಿ ಸೂಪರ್‌ವೈಸರ್, ಎರಡು ಬೀದಿ ಆಚೆ ಮನೆ. ಪಾರ್ಸೆಲ್ ಕಳೆದುಕೊಂಡವರ ಬೈಗುಳ ದಿನವಿಡೀ ಕೇಳಿ ಕೇಳಿ ಯಾರು ಏನಂದರೂ ತಲೆಯಾಡಿಸುವುದು ಅಭ್ಯಾಸವಾಗಿದೆ. ನನಗೂ ಹಾಗೇ ಆಡಿಸುತ್ತಾಳೆ.

ಬಾಯಿಗೆ ಹತ್ತಿ ಇಟ್ಟಿದ್ದರು. ಒಂದು ಗಂಟೆ ಮಾತಿಲ್ಲ.

"ಈ ಹತ್ತೀನ ಮನೆಗೂ ಒಂದು ಪ್ಯಾಕೆಟ್ ತಗೊಳ್ಳೋಣ್ವಾ?" ಎಂದಳು ಖದೀಮಿ.

ಮಾರ್ಚ್ 10, ಸೋಮವಾರ

ಇನ್ಶೂರೆನ್ಸ್ ಕಂಪನಿ ಒಪ್ಪಿಗೆ ಕೊಡಲಿಲ್ಲ.

ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನಲ್ಲಿ ನೀಲಿ ಟೈ ಕಟ್ಟಿದ ಒಬ್ಬ ಕೂರುತ್ತಾನೆ. ಕೆಟ್ಟವನಲ್ಲ, ಆದರೆ ಮಾತಾಡುವಾಗ ಸ್ಕ್ರೀನ್ ಬಿಟ್ಟು ಕಣ್ಣೆತ್ತುವುದಿಲ್ಲ. ಪತ್ರ ಪ್ರಿಂಟ್ ಮಾಡಿ ಕೊಟ್ಟ. ಇಲ್ಲಿ ಪ್ರತಿ ಇಳಿಸಿಡುತ್ತೇನೆ:

"ರೋಗಿಗೆ ಹತ್ತೊಂಬತ್ತು ವರ್ಷಗಳಿಂದ ಉಸಿರಾಟದ ತೊಂದರೆ ಇರುವುದು ಆಸ್ಪತ್ರೆಯ ದಾಖಲೆಯಿಂದ ತಿಳಿದುಬಂದಿದೆ. ಪಾಲಿಸಿ ಪಡೆಯುವಾಗ ಇದನ್ನು ಮರೆಮಾಚಲಾಗಿದೆ."

ಮರೆಮಾಚಲಾಗಿದೆ! ನಾನು! ಮೂರು ವರ್ಷದ ಹಿಂದೆ ರಿಟೈರ್ ಆದಾಗ ಆ ಫಾರಂ ತುಂಬಿದವಳು ನಾನೇ. ಏಜೆಂಟ್ "ಸಹಿ ಹಾಕಿ ಸಾಕು ಮೇಡಂ, ಉಳಿದದ್ದು ನಾನು ತುಂಬ್ಕೋತೀನಿ" ಎಂದಿದ್ದ. ಪೆನ್ನು ಕಿತ್ತುಕೊಂಡು ಹದಿನಾಲ್ಕು ಪುಟ ಕೂತು ತುಂಬಿದ್ದೆ. ಹೃದಯ, ಉಸಿರಾಟದ ತೊಂದರೆ ಇತ್ತೇ? ಇಲ್ಲ. ಇರಲಿಲ್ಲ.

"ಮೆಟ್ಟಿಲು ಹತ್ತಿ ಏದುಸಿರು ಬಿಟ್ಟಿದ್ದು ರೋಗವೇನ್ರಿ? ಹಾಗಾದ್ರೆ ಆ ಎಂಟು ತಿಂಗಳು ಲೈಬ್ರರಿಗೆ ಬಂದ ಎಲ್ಲರಿಗೂ ರೋಗ" ಎಂದೆ.

"ನಾನು ಹೇಳ್ತಿಲ್ಲ ಮೇಡಂ, ನೀವೇ ಹೇಳಿರೋದು. ಕೇಸ್‌ಶೀಟಲ್ಲಿದೆ. 'ಮಾಹಿತಿ ಕೊಟ್ಟವರು: ರೋಗಿ ಸ್ವತಃ.'"

ಒಪ್ಪಿಗೆ ಇಲ್ಲದಿದ್ದರೆ 21ರ ದಿನ ಕೈಬಿಟ್ಟ ಹಾಗೆ. ಸರ್ಕಾರಿ ಆಸ್ಪತ್ರೆಯಲ್ಲಿ ಈ ಸರ್ಜರಿಗೆ ಐದು ತಿಂಗಳು ಸರದಿ ಕಾಯಬೇಕು. ಸರ್ಜನ್ ಹೇಳಿದ್ದು ಎರಡು. ಲೆಕ್ಕ ಮಾಡಲು ಇಂಡೆಕ್ಸ್ ಬೇಕಾಗಿಲ್ಲ.

ಮಾರ್ಚ್ 11, ಮಂಗಳವಾರ

ಮನೆಯಲ್ಲಿ ಮೂರು ಜನರ ಮಹಾಸಭೆ.

ಮಗಳು ಪತ್ರ ಓದಿದಳು. "ಕಳೆದು ಹೋದ ಪಾರ್ಸೆಲ್‌ಗೆ ನಾವೂ ಡಿಟ್ಟೋ ಹೀಗೇ ಬರೀತೀವಿ ಅಮ್ಮ. ಮೊದಲನೇ ಸಲ ಎಲ್ಲರಿಗೂ ಇಲ್ಲ ಅಂತೀವಿ. ನೀನೊಂದು ಕೆಲಸ ಮಾಡು. ನಾನು ಹೇಳಿದ್ದು ತಪ್ಪು, ವಯಸ್ಸಾಯ್ತು, ಸರಿಯಾಗಿ ನೆನಪಿಲ್ಲ ಅಂತ ಎರಡು ಸಾಲು ಬರೆದು ಡಾಕ್ಟರ್‌ಗೆ ಕೊಡು. ತಿದ್ದುತ್ತಾರೆ."

"ನೆನಪಿದೆ."

"ಇದ್ರೆ ಇರ್ಲಿ. ಇಲ್ಲ ಅನ್ನು."

"ಸುಳ್ಳು ಬರೆದುಕೊಡೋದಾ?"

"ಜೀವಕ್ಕಿಂತ ಆ ಬೆಂಚು ಹೆಚ್ಚಾ ನಿಂಗೆ? ಒಂದೇ ಒಂದು ಸಲ, ಒಂದೇ ಒಂದು ವಿಷಯ ಮರೆತು ನೋಡಮ್ಮ! ಏಳನೇ ಕ್ಲಾಸಲ್ಲಿ ನಾನು ಆಡಿದ ಮಾತು ಇವತ್ತಿಗೂ ಎತ್ತಿ ಆಡ್ತೀಯ. ಚಿಕ್ಕಿ ವಿಷಯ ಅಂತೂ ಬಿಡು, ಹದಿನೇಳು ವರ್ಷ."

ಆ ಹೆಸರು ಈ ಮನೆಯಲ್ಲಿ ಎತ್ತುವ ಹಾಗಿಲ್ಲ. ಗೊತ್ತಿದ್ದೂ ಎತ್ತಿದಳು.

ತಂಗಿ. ಅಮ್ಮ ಕೊನೆಯ ವರ್ಷಗಳಲ್ಲಿ ಅವಳ ಮನೆಯಲ್ಲಿದ್ದಳು. ಉಸಿರು ಕಟ್ಟಿ ಕಟ್ಟಿ, ಕೊನೆಗೆ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರ್ ಹೇಳಿದ್ದು: "ಎರಡು ವರ್ಷ ಮೊದಲೇ ತರಬೇಕಿತ್ತು." ಒಂಬತ್ತನೇ ದಿನ ಹೋದಳು. ವಾರ್ಡಿನ ಹೊರಗೆ, ನೀರಿನ ಕೂಲರ್ ಪಕ್ಕ ತಂಗಿಗೆ ಕೇಳಿದೆ: "ಮನೆಯಲ್ಲೇ ಇಟ್ಟುಕೊಂಡು ಎರಡು ವರ್ಷ ಕಣ್ಣು ಮುಚ್ಚಿಕೊಂಡಿದ್ದೆಯಾ?" ಅವಳು ಉತ್ತರ ಕೊಟ್ಟಳು. ಆ ಉತ್ತರಕ್ಕೇ ಅವಳ ಜೊತೆ ಮಾತು ಬಿಟ್ಟಿದ್ದು.

ಇವರು ಇಡೀ ಸಭೆಯಲ್ಲಿ ಒಂದೇ ಮಾತು ಆಡಿದರು: "ಊಟ ಆರ್ತಿದೆ."

ಮಾರ್ಚ್ 13, ಗುರುವಾರ

ಕಂಪನಿಯ ದೂರು ವಿಭಾಗಕ್ಕೆ ಐದು ಪುಟ ಬರೆದೆ. ಫೋನ್ ಮಾಡಿದೆ. ನಲವತ್ತು ನಿಮಿಷ ಸಂಗೀತ ಕೇಳಿಸಿದರು. ಕೊನೆಗೆ ಒಬ್ಬ ಹುಡುಗಿ, "ಆ ಕಾಲದ ದಾಖಲೆ ಏನಾದ್ರೂ ಇದ್ರೆ ಕಳಿಸಿ ಮ್ಯಾಮ್."

ಇದ್ದರೆ! ನಲವತ್ತು ವರ್ಷದ ದಿನಚರಿ ಇದೆ, ತಾಯಿ. ಅಟ್ಟದ ಮೇಲೆ ಎರಡು ಟ್ರಂಕು. ಲಿಫ್ಟು ಕೆಟ್ಟ ವರ್ಷದ ಪುಸ್ತಕದಲ್ಲಿ ಎಲ್ಲ ಇರುತ್ತದೆ. ಏದುಸಿರು ಆ ಎಂಟು ತಿಂಗಳು ಮಾತ್ರ, ಲಿಫ್ಟು ಸರಿಯಾದ ಮೇಲೆ ನಿಂತಿತು, ಅದು ರೋಗವಲ್ಲ, ಬರಿಯ ಮೆಟ್ಟಿಲು. ತೋರಿಸಿಬಿಡುತ್ತೇನೆ. ಮುಖ ಎಲ್ಲಿಟ್ಟುಕೊಳ್ಳುತ್ತಾರೋ ನೋಡೋಣ.

ಹೇಳಲು ಕೆಳಗಿಳಿದೆ. ಅಂಗಡಿಯಲ್ಲಿ ಯಾರೋ ಅಪರಿಚಿತ, ಗೋಡೆಯಿಂದ ಗೋಡೆಗೆ ಟೇಪು ಹಿಡಿದು ಅಳೆಯುತ್ತಿದ್ದ. ಇನ್ನೊಂದು ತುದಿ ಹಿಡಿದಿದ್ದವರು ಇವರೇ. ಊರೆಲ್ಲರ ಅಳತೆ ತೆಗೆದವರು. ನನ್ನನ್ನು ನೋಡಿ ಟೇಪು ಕೈಬಿಟ್ಟರು. ಅದು ಸುರುಳಿ ಸುತ್ತಿಕೊಂಡು ಆ ಮನುಷ್ಯನ ಕೈಗೆ ಓಡಿತು.

"ಸುಮ್ನೆ ನೋಡಕ್ಕೆ ಬಂದಿದಾರೆ" ಎಂದರು.

ಅಂಗಡಿ ಮಾರಿ ಸರ್ಜರಿಗೆ ದುಡ್ಡು ಹೊಂದಿಸುವ ಲೆಕ್ಕ ಎಂದು ತಿಳಿಯಿತು. ವಾಪಸ್ ಹತ್ತಿದೆ. ಆರನೆಯದರಲ್ಲಿ ನಿಂತೆ.

ಮಾರ್ಚ್ 14, ಶುಕ್ರವಾರ. ಮಧ್ಯಾಹ್ನ 3

ಇವರು ಏಣಿ ಹಾಕಿ ಟ್ರಂಕು ಇಳಿಸಿಕೊಟ್ಟರು. ಸಿಕ್ಕಿತು. ಕಂದು ರಟ್ಟಿನ ಪುಸ್ತಕ. ಜುಲೈ 12. ಇದ್ದ ಹಾಗೇ ಇಳಿಸುತ್ತೇನೆ:

"ಲಿಫ್ಟಿಗೆ ಇವತ್ತೂ ರಿಪೇರಿ ಇಲ್ಲ. ಮೂರನೇ ಪತ್ರ ಬರೆದೆ. ನಾನು ದಿನಕ್ಕೆ ಆರು ಸಲ ಹತ್ತಿ ಇಳಿಯುತ್ತೇನೆ, ನನಗೇನೂ ಆಗಿಲ್ಲ, ಆದರೆ ವಯಸ್ಸಾದ ಓದುಗರ ಗತಿಯೇನು? ಊಟದ ಡಬ್ಬಿ ಮರೆತು ಬಂದಿದ್ದೆ. ಬೆಳಿಗ್ಗೆ ನಮ್ಮ ಮನೆಗೆ ಬಂದಿದ್ದ ಅಮ್ಮ ತಂದಳು. ಎರಡನೇ ಮಹಡಿಯ ಬೆಂಚಿನ ಮೇಲೆ ಕೂತುಬಿಟ್ಟಿದ್ದಳು. ಗೋಡೆಗೆ ಕೈ. ಏದುಸಿರು, ತುಟಿ ಬಣ್ಣಗೆಟ್ಟಿತ್ತು. ಯಾರು ಹತ್ತಲು ಹೇಳಿದರು ಎಂದು ಚೆನ್ನಾಗಿ ಬೈದೆ. ಓದುಗರ ಎದುರು ಸ್ವಲ್ಪ ಜೋರಾಯಿತು. ನಾಲ್ಕನೇ ಪತ್ರದಲ್ಲಿ ಈ ಉದಾಹರಣೆ ಸೇರಿಸಬೇಕು."

ಉದಾಹರಣೆ.

ಮಾರ್ಚ್ 16, ಭಾನುವಾರ

ನಿನ್ನೆ ಬರೆಯಲಿಲ್ಲ.

ಎರಡು ವರ್ಷ ಹಿಂದಕ್ಕೂ ಮುಂದಕ್ಕೂ ಎಲ್ಲ ಪುಟ ತಿರುವಿದೆ. ನನಗೆ ಏದುಸಿರು ಬಂದ ಒಂದು ಸಾಲೂ ಇಲ್ಲ. ದಿನಕ್ಕೆ ಆರು ಸಲ ಹತ್ತುತ್ತಿದ್ದೆ, ನನಗೇನೂ ಆಗಿಲ್ಲ ಎಂದು ನಾನೇ ಬರೆದಿದ್ದೇನೆ. ಬೆಂಚಿನ ತಣ್ಣಗಿನ ಕಬ್ಬಿಣ ಇವತ್ತಿಗೂ ತೊಡೆಗೆ ತಾಗಿದ ಹಾಗೆ ಇದೆ. ಅಂಗೈಗೆ ಗೋಡೆಯ ಸುಣ್ಣ ಹತ್ತಿದ ಹಾಗೆ. ಯಾರ ಅಂಗೈ? ನಾನು ಆ ಬೆಂಚಿನ ಮೇಲೆ ಕೂತೇ ಇಲ್ಲ. ಎದುರು ನಿಂತಿದ್ದೆ. ಬೈಯುತ್ತಾ.

ಮೂರು ವರ್ಷದ ಹಿಂದೆ ಫಾರಂ ತುಂಬುವಾಗ ಈ ಬೆಂಚು ನೆನಪಾಗಲೇ ಇಲ್ಲವಲ್ಲ, ಯಾಕೆ ಎಂದು ಕೇಳಿಕೊಂಡಿರಲಿಲ್ಲ. ನನ್ನ ಉಸಿರು ಕಟ್ಟಲು ಶುರುವಾದ ಮೇಲೆ ಬಂತು. ಬಂದಾಗ ನನ್ನದಾಗಿ ಬಂತು.

ಇನ್ನು ನೀರಿನ ಕೂಲರ್ ಪಕ್ಕದ ಮಾತು. ತಂಗಿ ಅಂದು ಕೊಟ್ಟ ಉತ್ತರ ಇದು: "ನೀನೂ ನೋಡಿದ್ದೆಯಲ್ಲಾ ಅಕ್ಕ, ಲೈಬ್ರರೀಲಿ. ನನಗಿಂತ ಮೊದಲು ನೋಡಿದವಳು ನೀನೇ."

ನಾನು ಹೇಳಿದ್ದು: "ನನ್ನ ನೆನಪಲ್ಲಿ ಇಲ್ಲ ಅಂದ್ರೆ ಅದು ನಡೆದೇ ಇಲ್ಲ."

ಹದಿನೇಳು ವರ್ಷ.

ಮಾರ್ಚ್ 17, ಸೋಮವಾರ

ಕಿರಿಯ ಡಾಕ್ಟರನ್ನು ಕಂಡೆ. ನಾನು ಹೇಳಿದ್ದು ತಪ್ಪು, ಏದುಸಿರು ಬಿಟ್ಟಿದ್ದು ನನ್ನ ತಾಯಿ, ತಿದ್ದಿ ಎಂದೆ. ಇವತ್ತು ಅದು ಸುಳ್ಳಲ್ಲ. ಸುಳ್ಳಾಗಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲವೇನೋ.

ಹುಡುಗ ಪೆಚ್ಚಾದ. "ಮೇಡಂ, ಇನ್ಶೂರೆನ್ಸ್ ಇಲ್ಲ ಅಂದ ಮೇಲೆ ಪೇಷಂಟೇ ಬಂದು ಬದಲಿಸಿ ಅಂದ್ರೆ ನಾನು ಬದಲಿಸೋಕಾಗಲ್ಲ. ಬೇರೆ ಯಾರಾದ್ರೂ ಹೇಳ್ಬೇಕು. ಆಗ ನಿಮ್ಮ ಜೊತೆ ಇದ್ದವರು, ತಾಯಿಯವರ ಕಾಯಿಲೆ ಗೊತ್ತಿದ್ದವರು."

ಅಲ್ಲಿಗೆ ಸರ್ಜನ್ ಬಂದರು. ಇನ್ಶೂರೆನ್ಸ್ ಮಾತು ಅವರ ಕಿವಿಗೇ ಬೀಳಲಿಲ್ಲ. "ತಾಯಿಗೂ ಉಸಿರು ಕಟ್ತಿತ್ತಾ? ಅದೂ ಕವಾಟದ್ದೇ ಇರ್ಬಹುದು. ಇದನ್ನ ಮೊದಲೇ ಹೇಳ್ಬೇಕಲ್ವಾ? ಅವರನ್ನ ಕೊನೆಗೆ ನೋಡ್ಕೊಂಡವರು ಯಾರು? ಅವರನ್ನ ಕರೆಸಿ, ನನಗೂ ಬೇಕು" ಎಂದು ಹೊರಟೇಹೋದರು.

ನೋಡಿಕೊಂಡವರು ಯಾರು.

ಇನ್ನು ನಾಲ್ಕು ದಿನ. ನೀಲಿ ಟೈ ಹೇಳಿದ: ಬುಧವಾರ ಸಂಜೆಯೊಳಗೆ ಕಾಗದ ಹೋಗಬೇಕು, ಇಲ್ಲವಾದರೆ ಆಪರೇಷನ್ ಥಿಯೇಟರಿನ ಸರದಿ ಬೇರೆಯವರಿಗೆ.

ಮಾರ್ಚ್ 18, ಮಂಗಳವಾರ

ಬೆಳಿಗ್ಗೆ ಇವರ ಮುಂದೆ ಪುಸ್ತಕ ಇಟ್ಟೆ. ಈ ಮನೆಯಲ್ಲಿ ನನ್ನ ದಿನಚರಿ ಇನ್ನೊಬ್ಬರು ಓದಿದ್ದು ಇದೇ ಮೊದಲು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಓದಿದರು. ಒಂದೊಂದಾಗಿ ಪಿನ್ನು ತೆಗೆದು ಡಬ್ಬಿಗೆ ಹಾಕಿದರು.

"ನಿಮಗೆ ಇದು ಗೊತ್ತಿತ್ತಾ?"

"ಇಲ್ಲ."

"ನೆನಪಿಲ್ಲವೋ, ಗೊತ್ತಿಲ್ಲವೋ?"

"ನನ್ನ ನೆನಪನ್ನೆಲ್ಲ ನಿನ್ನ ಹತ್ರಾನೇ ಇಟ್ಟಿದ್ದೆನಲ್ಲ ಕಣೇ" ಎಂದರು. "ನೀನು ಹೇಳಿದ್ದೇ ನಂಗೆ ನಡೆದಿದ್ದು."

ಇದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಸಂಜೆ

ಮಗಳನ್ನು ಕರೆಸಿದೆ. ತಂಗಿಯ ನಂಬರ್ ಎಲ್ಲಾದರೂ ಸಿಗುತ್ತದೆಯೇ ನೋಡು ಎಂದೆ. ಅವಳು ಫೋನ್ ತೆಗೆದು ಒಂದೇ ಸಲಕ್ಕೆ ಒತ್ತಿ ನನ್ನ ಕೈಗೆ ಕೊಟ್ಟಳು. ಹುಡುಕಲೂ ಇಲ್ಲ.

"ಯಾವಾಗಿಂದ?" ಎಂದೆ.

"ಅಮ್ಮ, ಈಗ ಆ ತನಿಖೆ ಬೇಡ. ರಿಂಗ್ ಆಗ್ತಿದೆ."

ಆ ಕಡೆ, "ಹೇಳು ಪುಟ್ಟಿ."

"ಪುಟ್ಟಿ ಅಲ್ಲ. ನಾನು."

ಹಿನ್ನೆಲೆಯಲ್ಲಿ ಎಲ್ಲೋ ಕುಕ್ಕರ್ ಕೂಗಿತು. ಒಲೆ ಆರಿಸಿದ ಸದ್ದು.

"ಸರ್ಜರಿ ಶುಕ್ರವಾರ ಅಲ್ವಾ?" ಎಂದಳು.

"ನಿಂಗೆ ಹೇಗೆ..." ಎಂದು ಮಗಳ ಕಡೆ ನೋಡಿದೆ. ಅವಳು ಕಿಟಕಿಯ ಕಡೆ ನೋಡುತ್ತಿದ್ದಳು.

"ಆಸ್ಪತ್ರೆಗೆ ನಿನ್ನ ಹೇಳಿಕೆ ಬೇಕಂತೆ. ಅಮ್ಮನ ಕಾಯಿಲೆ ಬಗ್ಗೆ. ನಾಳೆ ಬರೋಕಾಗುತ್ತಾ?" ಇಷ್ಟೇ ಕೇಳಿದೆ. ಸರ್ಕಾರಿ ನೋಟೀಸಿನ ಹಾಗೆ.

"ಎಷ್ಟು ಗಂಟೆಗೆ?" ಎಂದಳು.

ಮಾರ್ಚ್ 19, ಬುಧವಾರ

ಬಂದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ನಡೆಯುವುದು ಥೇಟ್ ಅಮ್ಮನ ಹಾಗೆ, ಎಡಗಾಲು ಸ್ವಲ್ಪ ಹೊರಗೆ. ಅವಳೇ, "ತೆಳ್ಳಗಾಗಿದೀಯ" ಎಂದಳು.

ಕಿರಿಯ ಡಾಕ್ಟರ್ ಕೇಳುತ್ತಾ ಹೋದ, ತಂಗಿ ಹೇಳುತ್ತಾ ಹೋದಳು. ಅಮ್ಮ ಯಾವ ಮಗ್ಗುಲಿಗೆ ಮಲಗುತ್ತಿದ್ದಳು, ಎಷ್ಟು ದಿಂಬು, ಕಾಲು ಯಾವಾಗ ಊದಿತು. ಕೊನೆಯ ವರ್ಷ ಇಬ್ಬರು ಡಾಕ್ಟರಿಗೆ ತೋರಿಸಿದ್ದಳಂತೆ. ಇಬ್ಬರೂ ಆಸ್ತಮಾ ಎಂದು ಪಂಪ್ ಕೊಟ್ಟು ಕಳಿಸಿದ್ದರಂತೆ. ನನಗೆ ಇದೊಂದೂ ಗೊತ್ತಿಲ್ಲ. ಕೇಳಿಯೇ ಇರಲಿಲ್ಲ. ತೀರ್ಪು ಮೊದಲು ಕೊಟ್ಟೆ.

ಆಮೇಲೆ ನೀಲಿ ಟೈ. ದಿನಚರಿಯ ಆ ಪುಟದ ಜೆರಾಕ್ಸ್ ಸ್ಕ್ಯಾನ್ ಮಾಡುವ ಮೊದಲು ಓದಿ ನೋಡಬೇಕಂತೆ, ನಿಯಮ. ನನ್ನ ಅಕ್ಷರ ಅವನಿಗೆ ತಿಳಿಯಲಿಲ್ಲ, ಜೋರಾಗಿ ಬಿಡಿಸಿ ಓದತೊಡಗಿದ. ಕೌಂಟರಿನಲ್ಲಿ ಏಳೆಂಟು ಜನ. "ಯಾರು ಹತ್ತಲು ಹೇಳಿದರು ಎಂದು... ಚೆನ್ನಾಗಿ... ಇದೇನು ಮೇಡಂ, ಬೈದೆ?"

"ಹೌದು. ಬೈದೆ."

"ಓದುಗರ ಎದುರು ಸ್ವಲ್ಪ..."

"ಜೋರಾಯಿತು" ಎಂದೆ. ತಂಗಿ ಪಕ್ಕದಲ್ಲೇ ನಿಂತಿದ್ದಳು. ಅವಳ ಕಡೆ ನೋಡುವ ಧೈರ್ಯ ಬರಲಿಲ್ಲ. ಕೌಂಟರಿನ ಅಂಚು ಹಿಡಿದುಕೊಂಡೆ.

ಅವನು ಮೊದಲ ಸಲ ಸ್ಕ್ರೀನಿನಿಂದ ಕಣ್ಣೆತ್ತಿದ. ಉಳಿದದ್ದನ್ನು ಮನಸ್ಸಿನಲ್ಲೇ ಓದಿದ.

ಹೊರಗೆ ಕುರ್ಚಿಯಲ್ಲಿ ಕೂತೆವು. ಕ್ಷಮೆ ಕೇಳುವ ವಾಕ್ಯ ಬೆಳಗಿನಿಂದ ತಯಾರು ಮಾಡಿಕೊಂಡಿದ್ದೆ. ಬಾಯಿ ತೆರೆಯುವ ಮೊದಲೇ ಅವಳು, "ಅವತ್ತು ಅಮ್ಮ ಮನೆಗೆ ಬಂದು ಹೇಳಿದ್ಲು. ಎಲ್ಲರ ಮುಂದೆ ಅಕ್ಕನ ಹತ್ರ ಬೈಸ್ಕೊಂಡೆ ಅಂತ. ನಗ್ತಾ ಹೇಳಿದ್ಲು. ನಾನೂ ನಕ್ಕೆ ಅಕ್ಕ. ಹೋಗಿದ್ದೇ ತಪ್ಪು, ಆ ಪುಸ್ತಕದ ಹುಳಕ್ಕೆ ಒಂದಿನ ಊಟ ಇಲ್ದಿದ್ರೆ ಏನಾಗ್ತಿತ್ತು ಅಂದೆ. ಉಸಿರು ಯಾಕೆ ಕಟ್ತು ಅಂತ ನಾನೂ ಕೇಳ್ಲಿಲ್ಲ. ಒಂದು ವರ್ಷ ಆದ್ಮೇಲೇ ಡಾಕ್ಟರ್ ಹತ್ರ ಹೋಗಿದ್ದು."

"ತಪ್ಪು ನಂದು" ಎಂದೆ. ತಯಾರು ಮಾಡಿದ ವಾಕ್ಯ ಉದ್ದವಿತ್ತು. ಇಷ್ಟೇ ಉಳಿಯಿತು.

"ಅಲ್ಲ ಅಂತ ನಾನು ಹೇಳಲ್ಲ" ಎಂದಳು. "ಹದಿನೇಳು ವರ್ಷ ತುಂಬಾ ಆಯ್ತು ಅಕ್ಕ. ತುಂಬಾನೇ ಆಯ್ತು."

ಕಣ್ಣು ಒರೆಸಿಕೊಳ್ಳಲಿಲ್ಲ. ಎದ್ದು ಹೋಗಲೂ ಇಲ್ಲ.

ಮಾರ್ಚ್ 20, ಗುರುವಾರ. ಸಂಜೆ 5.40

ವಾರ್ಡು. ಅಡ್ಮಿಟ್ ಆಗಿದೆ, ಒಪ್ಪಿಗೆ ಇನ್ನೂ ಬಂದಿಲ್ಲ. ಆರು ಗಂಟೆಗೆ ನಾಳೆಯ ಥಿಯೇಟರ್ ಪಟ್ಟಿ ಮುಗಿಸುತ್ತಾರಂತೆ. ಮಗಳು ಕೆಳಗೆ ನೀಲಿ ಟೈ ಎದುರು ಕುರ್ಚಿ ಹಾಕಿಕೊಂಡು ಕೂತಿದ್ದಾಳೆ. "ನಮ್ಮ ಆಫೀಸಲ್ಲಿ ಹೀಗೆ ಎದುರಿಗೇ ಕೂತವರ ಪಾರ್ಸೆಲ್ ಮೊದಲು ಸಿಗುತ್ತೆ" ಎಂದು ಹೇಳಿ ಹೋಗಿದ್ದಾಳೆ. ಇವರು ಕಿಟಕಿಯ ಪರದೆಯ ಹೊಲಿಗೆ ಪರೀಕ್ಷಿಸುತ್ತಿದ್ದಾರೆ. ಬಿಟ್ಟಿದೆ. ಒಂದು ಸೂಜಿ ಸಿಕ್ಕಿದ್ದರೆ ಹಾಕಿಯೇಬಿಡುತ್ತಿದ್ದರು.

5.55

ಬಂತು. ಮಗಳು ಮೆಟ್ಟಿಲಲ್ಲಿ ಓಡಿ ಬಂದಳು, ಏದುಸಿರು. ಏನು ವಿಷಯ ಎಂದು ಕೇಳುವ ಮೊದಲು ಕೇಳಿದೆ: "ಯಾಕೆ ಉಸಿರು ಕಟ್ತಿದೆ ನಿಂಗೆ?"

"ನಾಲ್ಕು ಮಹಡಿ ಓಡಿದೀನಮ್ಮ!"

"ಆದ್ರೂ ತೋರಿಸ್ಕೋ. ಸರ್ಜನ್ ಹೇಳಿದಾರೆ, ಮಕ್ಕಳಿಗೂ ನೋಡ್ಬೇಕಂತೆ."

ತಲೆಯಾಡಿಸಿದಳು. ಈ ಸಲ ಬಿಡುವುದಿಲ್ಲ. ಬರೆದಿಡುತ್ತೇನೆ. ಅಲ್ಲ, ಬರೆದಿಟ್ಟರೆ ಸಾಲದು. ಕರೆದುಕೊಂಡೇ ಹೋಗಬೇಕು.

ಮಾರ್ಚ್ 21, ಶುಕ್ರವಾರ. ಬೆಳಿಗ್ಗೆ 6.10

ಹಸಿರು ಗೌನು. ಹಿಂದೆ ಗಂಟು ಹಾಕುವುದು, ಇವರು ನೋಡಿದ್ದರೆ ಕಟಿಂಗ್ ಸರಿಯಿಲ್ಲ ಎನ್ನುತ್ತಿದ್ದರು. ಇವರು, ಮಗಳು ಕೆಳಗೆ ಸಹಿ ಹಾಕಲು ಹೋಗಿದ್ದಾರೆ. ಭಯವಿದೆ. ನಿನ್ನೆಗಿಂತ ಜಾಸ್ತಿ.

ಅರಿವಳಿಕೆ ಡಾಕ್ಟರ್ ಬಂದರು. ಅದೇ ಫಾರಂ, ಅದೇ ಪ್ರಶ್ನೆ. "ಉಸಿರು ಕಟ್ಟೋದು ಯಾವಾಗಿಂದಮ್ಮ? ಮನೇಲಿ ಬೇರೆ ಯಾರಿಗಾದ್ರೂ ಇತ್ತಾ?"

ಬಾಯಿ ತೆರೆದೆ. ತಾರೀಖು ಸಮೇತ ನಾಲಿಗೆಯ ತುದಿಗೆ ಬಂದಿತ್ತು. ಮುಚ್ಚಿದೆ.

"ಹೊರಗೆ ನನ್ನ ತಂಗಿ ಇದ್ದಾಳೆ. ಅವಳನ್ನೂ ಒಂದ್ಸಲ ಕೇಳಿಬಿಡಿ" ಎಂದೆ.

ಕರೆದರು. ಬಂದಳು. ಹೇಳಿದಳು. ನಡುವೆ ಒಂದು ತಾರೀಖು ತಪ್ಪಾಯಿತು. ತಿದ್ದಲಿಲ್ಲ.

ಡಾಕ್ಟರ್ ಹೋದರು. ಇವಳು ಹೋಗಿಲ್ಲ. ವಾಚು, ಕನ್ನಡಕ, ಪೆನ್ನು ಎಲ್ಲ ಬಿಚ್ಚಿ ಕೊಡಬೇಕಂತೆ. ಕೈ ಚಾಚಿಕೊಂಡು ನಿಂತಿದ್ದಾಳೆ. ಈ ಪುಸ್ತಕವನ್ನೂ ಅವಳ ಕೈಗೇ ಕೊಡುವುದು. ಓದಬೇಡ ಎಂದು ಹೇಳುವುದಿಲ್ಲ.

"ಸಾಕು ಬರ್ದಿದ್ದು ಅಕ್ಕ, ಗಾಡಿ ಬಂತು. ಕನ್ನಡಕ ಕೊಡು."

ಇನ್ನೊಂದೇ ಸಾಲು ಎಂದೆ. ಅದು ಏನೆಂದರೆ